ಹಡಗು ನಿಂತ ಒಂದು ಹಗಲು: ಶುಕ್ರವಾರದ ಕೊಚ್ಚಿ

ಊರು ಯಾತ್ರಿಕನಿಗಾಗಿ ಕಾಯುವುದುಂಟು, ಹಡಗು ಕಾಯುವುದಿಲ್ಲ. ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಹೋದವರು, ನೋಡಬೇಕೆಂದಿದ್ದ ಅರಮನೆಯ ಬಾಗಿಲು ಇಂದು ಮುಚ್ಚಿದ್ದರೆ ಒಂದು ರಾತ್ರಿ ತಂಗಿ ಮರುದಿನ ನೋಡಿಕೊಂಡು ಬರಬಹುದು. ಹಡಗಿನಲ್ಲಿ ಹೋದವರಿಗೆ ಆ ಮರುದಿನವೆಂಬುದೇ ಇಲ್ಲ. ಬೆಳಿಗ್ಗೆ ದಡ ಸೇರಿದ ಹಡಗು ಸಂಜೆ ಹೊರಟುಬಿಡುತ್ತದೆ. ನಡುವಿನ ಆ ಹಗಲಿನಲ್ಲಿ ಕಂಡಷ್ಟೇ ಊರು. ಕಾಣದೆ ಉಳಿದದ್ದು ಬಹುಶಃ ಜನ್ಮಕ್ಕೂ ಉಳಿದಂತೆಯೇ. ಈಚೆಗೆ ಮುಂಬಯಿಯಿಂದ ಹೊರಡುವ ಪ್ರವಾಸಿ ಹಡಗುಗಳಲ್ಲಿ ನಮ್ಮ ನಾಡಿನ ಕುಟುಂಬಗಳೂ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿವೆ. ಆದುದರಿಂದ ಇಂತಹ ಒಂದು ಹಗಲನ್ನು ಹೇಗೆ ಯೋಜಿಸಿಕೊಳ್ಳಬೇಕು, ಅಂದು ಊರಿನ ಮುಖ್ಯ ಸ್ಥಳಗಳೇ ಮುಚ್ಚಿದ್ದರೆ ಏನು ಮಾಡಬೇಕು ಎಂಬುದನ್ನು ಕೊಚ್ಚಿಯ ನಿದರ್ಶನದಿಂದ ಇಲ್ಲಿ ವಿವರಿಸಲು ಬಯಸುತ್ತೇವೆ.

ಕಳೆದ ಚಳಿಗಾಲದಲ್ಲಿ ನಮ್ಮ ಮನೆತನದ ಏಳು ಜನರು ಇಂತಹ ಯಾತ್ರೆಯನ್ನು ಕೈಗೊಂಡೆವು. ನಮ್ಮ ಹಿರಿಯಕ್ಕ ಧಾರವಾಡ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಇತಿಹಾಸ ಕಲಿಸಿದವರು. ವಾಸ್ಕೋ ಡ ಗಾಮನ ಪಾಠವನ್ನು ಅವರಿಂದ ಕೇಳಿದ ಮಕ್ಕಳು ಇಂದು ಮೊಮ್ಮಕ್ಕಳನ್ನು ಕಂಡಿದ್ದಾರೆ. ಆದರೆ ಅಕ್ಕ ಮಾತ್ರ ಕೊಚ್ಚಿಯನ್ನು ಕಂಡವರಲ್ಲ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರ ಕಣ್ಣಿನ ನರಕ್ಕೆ ರೋಗ ತಗುಲಿ ದೃಷ್ಟಿ ಮೆಲ್ಲಮೆಲ್ಲನೆ ಕುಗ್ಗತೊಡಗಿತ್ತು. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬಹುದಷ್ಟೆ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಆದ್ದರಿಂದಲೇ ಈ ಯಾತ್ರೆಯನ್ನು ಮುಂದೂಡುವಂತಿರಲಿಲ್ಲ. ಮಟ್ಟಂಚೇರಿಯ ಅರಮನೆಯ ಭಿತ್ತಿಚಿತ್ರಗಳು, ಯೆಹೂದ್ಯರ ಸಿನಗಾಗು, ಗಾಮನನ್ನು ಹೂಳಿದ್ದ ಚರ್ಚು, ಚೀನೀ ಬಲೆಗಳು ಎಂಬ ನಾಲ್ಕನ್ನು ನೋಡಬೇಕೆಂಬುದು ಅವರ ಬಯಕೆ.

ಮಕ್ಕಳ ಶಾಲೆಯ ರಜೆಗೂ ಅಳಿಯಂದಿರ ಕಚೇರಿಯ ರಜೆಗೂ ಹೊಂದಿಕೆಯಾಗುವ ಹಡಗು ಒಂದೇ ಇದ್ದಿತು. ಅದು ಕೊಚ್ಚಿಯಲ್ಲಿ ನಿಲ್ಲುವುದು ಶುಕ್ರವಾರ. ಪಂಚಾಂಗದ ಶುಭಾಶುಭವನ್ನು ನಾವು ನೋಡುವವರಲ್ಲ; ಆದರೆ ಯಾತ್ರಿಕನಾದವನು ವಾರವನ್ನು ನೋಡಲೇಬೇಕು. ಟಿಕೆಟು ಕೊಳ್ಳುವ ಮೊದಲೇ ವಿಚಾರಿಸಿದಾಗ, ಅಕ್ಕನ ನಾಲ್ಕು ಬಯಕೆಗಳಲ್ಲಿ ಎರಡರ ಬಾಗಿಲು ಅಂದು ಮುಚ್ಚಿರುವುದೆಂದು ತಿಳಿಯಿತು.

ಬಾಗಿಲುಗಳು ಏಕೆ ಮುಚ್ಚುತ್ತವೆ?

ಮುಚ್ಚುವಿಕೆಯ ಕಾರಣವನ್ನು ತಿಳಿದರೆ ಅರ್ಧ ಯೋಜನೆ ಮುಗಿದಂತೆ. ಮೊದಲನೆಯದು ವಾರದ ರಜೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸ್ಥಳ ವಸ್ತುಸಂಗ್ರಹಾಲಯಗಳಲ್ಲಿ ಹೆಚ್ಚಿನವಕ್ಕೆ ಶುಕ್ರವಾರವೇ ಬಿಡುವು. ಹಂಪಿಗೆ ಹೋಗಿ ಕಮಲಾಪುರದ ಸಂಗ್ರಹಾಲಯ ನೋಡದೆ ಬಂದವರಿಗೂ, ವಿಜಯಪುರದ ಗೋಳಗುಮ್ಮಟದ ಆವರಣದ ಸಂಗ್ರಹಾಲಯ ತಪ್ಪಿದವರಿಗೂ ಈ ಸಂಗತಿ ಗೊತ್ತು. ಮಟ್ಟಂಚೇರಿಯ ಅರಮನೆಯೂ ಅದೇ ಇಲಾಖೆಗೆ ಸೇರಿದ್ದರಿಂದ ಅದಕ್ಕೂ ಅದೇ ನಿಯಮ. ರಾಜ್ಯ ಸರ್ಕಾರದ ಮತ್ತು ಇತರ ಸಂಸ್ಥೆಗಳ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ತೃಪ್ಪೂಣಿತ್ತುರದ ಹಿಲ್ ಪ್ಯಾಲೆಸ್ ಮತ್ತು ಕೋಟೆ ಕೊಚ್ಚಿಯ ಇಂಡೋ-ಪೋರ್ಚುಗೀಸ್ ಸಂಗ್ರಹಾಲಯ ಆ ಗುಂಪಿಗೆ ಸೇರುತ್ತವೆ.

ಎರಡನೆಯದು ಆರಾಧನೆಯ ಬಿಡುವು. ಯೆಹೂದ್ಯರ ಸಬ್ಬತ್ತು ಶುಕ್ರವಾರದ ಸೂರ್ಯಾಸ್ತದೊಡನೆ ಆರಂಭವಾಗಿ ಶನಿವಾರದ ಇರುಳಿನವರೆಗೆ ನಡೆಯುತ್ತದೆ. ಅಂದು ಕೆಲಸವಿಲ್ಲ, ವ್ಯಾಪಾರವಿಲ್ಲ, ಸಂದರ್ಶಕರಿಗೆ ಪ್ರವೇಶವಿಲ್ಲ. ಸಿನಗಾಗಿನ ಬಾಗಿಲು ಶನಿವಾರವಿಡೀ ಮುಚ್ಚಿರುತ್ತದೆ. ಶುಕ್ರವಾರವೂ ಅದನ್ನು ನಂಬಿ ಹೋಗುವಂತಿಲ್ಲ. ಯೆಹೂದ್ಯರ ಹಬ್ಬಗಳಲ್ಲಿಯೂ ಇದೇ ಕ್ರಮ. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜಿಗಾಗಿ ಮಟ್ಟಂಚೇರಿಯ ಎಷ್ಟೋ ಅಂಗಡಿಗಳು ಒಂದೆರಡು ಗಂಟೆ ಬಾಗಿಲು ಎಳೆದುಕೊಳ್ಳುತ್ತವೆ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ ನಡೆಯುವುದರಿಂದ ನೋಡಲು ಬಂದವರು ಹೊರಗೆ ಕಾಯಬೇಕು. ಹೀಗೆ ಒಂದೇ ಊರಿನಲ್ಲಿ ಶುಕ್ರವಾರ, ಶನಿವಾರ, ಭಾನುವಾರಗಳು ಮೂರು ಸಮುದಾಯಗಳಿಗೆ ಮೂರು ಪವಿತ್ರ ದಿನಗಳಾಗಿವೆ.

ಮೂರನೆಯದು ಮಧ್ಯಾಹ್ನದ ಬಿಡುವು. ಇದನ್ನು ಮರೆಯುವವರು ಬಹಳ. ಕೇರಳದ ದೇವಾಲಯಗಳು ನಸುಕಿನಲ್ಲಿಯೇ ತೆರೆದು, ಹನ್ನೊಂದು ಹನ್ನೆರಡು ಗಂಟೆಯ ಹೊತ್ತಿಗೆ ಮುಚ್ಚಿ, ಮತ್ತೆ ಸಂಜೆ ನಾಲ್ಕು ಐದಕ್ಕೆ ತೆರೆಯುತ್ತವೆ. ಹಡಗಿನ ಪ್ರಯಾಣಿಕ ಊರಿನಲ್ಲಿರುವುದು ಹೆಚ್ಚಾಗಿ ಈ ಮುಚ್ಚಿದ ಹೊತ್ತಿನಲ್ಲಿಯೇ. ಎರ್ಣಾಕುಳಂನ ಶಿವಾಲಯವನ್ನು ನೋಡಬಯಸುವವರು ಮೊದಲ ಕೆಲಸವಾಗಿ ಅಲ್ಲಿಗೆ ಹೋಗಬೇಕು. ಗಂಡಸರು ಮೇಲಂಗಿ ತೆಗೆದು ಪಂಚೆಯುಟ್ಟು ಒಳಹೋಗುವುದು ಆ ನಾಡಿನ ದೇವಾಲಯಗಳ ರೂಢಿಯಾದ್ದರಿಂದ ಒಂದು ಪಂಚೆ ಕೈಚೀಲದಲ್ಲಿರುವುದು ಲೇಸು.

ನಾಲ್ಕನೆಯದು ಹರತಾಳ. ಕೇರಳದ ಉಚ್ಚ ನ್ಯಾಯಾಲಯವು 1997ರಲ್ಲಿ ಬಲವಂತದ ಬಂದ್ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಬಂದ್ ಎಂಬ ಹೆಸರು ಹೋಗಿ ಹರತಾಳವೆಂಬ ಹೆಸರು ಉಳಿಯಿತು. ದಿಢೀರ್ ಹರತಾಳಗಳ ಹಾವಳಿಯಿಂದ ಬೇಸತ್ತು 2019ರ ಜನವರಿಯಲ್ಲಿ ಅದೇ ನ್ಯಾಯಾಲಯವು ಹರತಾಳ ಕರೆಯುವವರು ಏಳು ದಿನ ಮೊದಲು ಸೂಚನೆ ಕೊಡಬೇಕೆಂದು ಆದೇಶಿಸಿತು. ಇದರಿಂದ ಯಾತ್ರಿಕರಿಗೆ ಸ್ವಲ್ಪ ಅನುಕೂಲವಾಗಿದೆ. ಆದರೂ ಹೊರಡುವ ವಾರ ಮಲಯಾಳಂ ಬಲ್ಲ ಒಬ್ಬ ಪರಿಚಿತರನ್ನು ವಿಚಾರಿಸಿಕೊಳ್ಳುವುದು ಕ್ಷೇಮ. ಪ್ರವಾಸಿಗರ ವಾಹನಗಳಿಗೆ ವಿನಾಯಿತಿ ಎಂದು ಪತ್ರಿಕೆಯಲ್ಲಿ ಬಂದರೂ ಚಾಲಕನಿಗೆ ತನ್ನ ಗಾಜಿನ ಚಿಂತೆ ಇದ್ದೇ ಇರುತ್ತದೆ.

ಐದನೆಯದು ಊರಿನ ಸಂಭ್ರಮವೇ ಅಡ್ಡಿಯಾಗುವುದು. ಓಣಂ, ವಿಷು ಹಬ್ಬಗಳಂದು ಕಚೇರಿಗಳೂ ಅಂಗಡಿಗಳೂ ಮುಚ್ಚುತ್ತವೆ. ಡಿಸೆಂಬರ್ ಕೊನೆಯಲ್ಲಿ ಕೋಟೆ ಕೊಚ್ಚಿಯಲ್ಲಿ ನಡೆಯುವ ಉತ್ಸವದ ಜನಸಂದಣಿಯಲ್ಲಿ ತೆರೆದ ಬಾಗಿಲೂ ಮುಚ್ಚಿದಂತೆಯೇ. ಮುಹೂರ್ತ ನಿಶ್ಚಯವಾದ ಕಾರ್ಯಕ್ರಮವೂ ತಪ್ಪುವುದುಂಟು: 2012ರಲ್ಲಿ ಆರಂಭವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ಕಲಾಪ್ರದರ್ಶನವು 2022ರಲ್ಲಿ ಡಿಸೆಂಬರ್ 12ಕ್ಕೆ ತೆರೆಯಬೇಕಿದ್ದುದು ಕಡೆಯ ಗಳಿಗೆಯಲ್ಲಿ 23ಕ್ಕೆ ಮುಂದೆ ಹೋಯಿತು. ನಡುವಣ ದಿನಗಳಲ್ಲಿ ಬಂದಿಳಿದವರಿಗೆ ಪ್ರದರ್ಶನದ ಹೆಸರು ಮಾತ್ರ ದೊರೆಯಿತು.

ಹಗಲಿನ ನಿಜವಾದ ಅಳತೆ

ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಎಂದು ಹಡಗಿನ ವೇಳಾಪಟ್ಟಿಯಲ್ಲಿದ್ದರೆ ಹತ್ತು ಗಂಟೆ ದೊರೆಯಿತೆಂದು ತಿಳಿಯಬಾರದು. ಹಡಗನ್ನು ಕಟ್ಟಿ, ಮೆಟ್ಟಿಲು ಇಳಿಸಿ, ಸಾವಿರಾರು ಜನ ಸರತಿಯಲ್ಲಿ ಇಳಿಯುವ ಹೊತ್ತಿಗೆ ಒಂದು ಒಂದೂವರೆ ಗಂಟೆ ಸಂದಿರುತ್ತದೆ. ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಎಲ್ಲರೂ ಹಡಗಿನಲ್ಲಿರಬೇಕು. ಬಂದರಿನ ದ್ವಾರದಲ್ಲಿ ತಪಾಸಣೆಯುಂಟು. ಹಡಗಿನ ಚೀಟಿಯನ್ನೂ ಭಾವಚಿತ್ರವಿರುವ ಗುರುತಿನ ಚೀಟಿಯನ್ನೂ ತೋರಿಸಬೇಕು. ದಾರಿಯ ದಟ್ಟಣೆಗೆ ಅರ್ಧ ಮುಕ್ಕಾಲು ಗಂಟೆ, ಊಟಕ್ಕೆ ಒಂದು ಗಂಟೆ, ಹಿರಿಯರ ವಿಶ್ರಾಂತಿಗೆ ಇನ್ನಷ್ಟು. ಇವೆಲ್ಲವನ್ನೂ ಕಳೆದರೆ ನೋಡುವುದಕ್ಕೆ ಉಳಿಯುವುದು ನಾಲ್ಕು ನಾಲ್ಕೂವರೆ ಗಂಟೆ. ಈ ನಾಲ್ಕೂವರೆ ಗಂಟೆಯನ್ನು ಎಂಟು ಸ್ಥಳಗಳಿಗೆ ಹಂಚುವುದು ಮಕ್ಕಳ ಆಟ. ಮೂರು ಸ್ಥಳಗಳಿಗೆ ಹಂಚುವುದು ವಿವೇಕ.

ಕೊಚ್ಚಿಯಲ್ಲಿ ಪ್ರವಾಸಿ ಹಡಗುಗಳು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಅಲ್ಲಿನ ಸಾಗರಿಕ ಎಂಬ ಪ್ರಯಾಣಿಕರ ನಿಲ್ದಾಣವು 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ದ್ವೀಪದಿಂದ ಒಂದು ದಿಕ್ಕಿಗೆ ಸೇತುವೆ ದಾಟಿದರೆ ಎರ್ಣಾಕುಳಂ. ಇನ್ನೊಂದು ದಿಕ್ಕಿಗೆ ತೋಪ್ಪುಂಪಡಿಯ ಸೇತುವೆ ದಾಟಿದರೆ ಮಟ್ಟಂಚೇರಿ ಮತ್ತು ಕೋಟೆ ಕೊಚ್ಚಿ. ಎರಡು ದಿಕ್ಕನ್ನೂ ಒಂದೇ ದಿನ ನೋಡುವೆವೆಂದು ಹೊರಟವರು ಸೇತುವೆಗಳನ್ನೇ ಹೆಚ್ಚು ನೋಡುತ್ತಾರೆ. ಒಂದು ದಿಕ್ಕನ್ನು ಆರಿಸಿಕೊಳ್ಳಬೇಕು.

ಹಡಗಿನವರೇ ಏರ್ಪಡಿಸುವ ವಾಹನದಲ್ಲಿ ಹೋದರೆ ಖರ್ಚು ಹೆಚ್ಚು, ಸ್ವಾತಂತ್ರ್ಯ ಕಡಿಮೆ. ಆದರೆ ದಾರಿಯಲ್ಲಿ ತಡವಾದರೆ ಸಾಮಾನ್ಯವಾಗಿ ಹಡಗು ಆ ವಾಹನಕ್ಕಾಗಿ ಕಾಯುತ್ತದೆ. ಸ್ವಂತವಾಗಿ ವಾಹನ ಮಾಡಿಕೊಂಡವರಿಗೆ ಆ ಆಶ್ವಾಸನೆಯಿಲ್ಲ. ಇನ್ನೊಂದು ವಿಷಯ. ಹೊರಗಿನವರ ಮೂಲಕ ಮುಂಗಡ ಹಣ ಕೊಡುವಾಗ, ಸ್ಥಳ ಮುಚ್ಚಿದ್ದರೆ ಹಣ ಮರಳುವುದೋ ಇಲ್ಲವೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಅರಮನೆ ತೋರಿಸುವೆವೆಂದು ಹೇಳಿ ಅರಮನೆಯ ಗೋಡೆ ತೋರಿಸಿದರೂ ಕೆಲವರ ಲೆಕ್ಕದಲ್ಲಿ ಕರಾರು ಪೂರೈಸಿದಂತೆಯೇ.

ಮೂರು ಪಟ್ಟಿಗಳು

ನಾವು ಮನೆಯಲ್ಲಿಯೇ ಮೂರು ಪಟ್ಟಿಗಳನ್ನು ಮಾಡಿಕೊಂಡೆವು. ಮೊದಲನೆಯದು ಅಂದು ನಿಶ್ಚಯವಾಗಿ ತೆರೆದಿರುವ ಸ್ಥಳಗಳು. ಎರಡನೆಯದು ತೆರೆದಿರಬಹುದಾದ, ಮುಚ್ಚಿರಲೂಬಹುದಾದ ಸ್ಥಳಗಳು. ಮೂರನೆಯದು ಬಾಗಿಲೇ ಇಲ್ಲದ ಸ್ಥಳಗಳು: ಬೀದಿ, ಕಡಲ ದಂಡೆ, ಬಲೆಗಳು, ಮಳೆಮರಗಳ ನೆರಳು, ದೋಣಿಯ ಪ್ರಯಾಣ. ಮೊದಲ ಪಟ್ಟಿಯದನ್ನು ಬೆಳಿಗ್ಗೆ ಮುಗಿಸುವುದು, ಎರಡನೆಯದಕ್ಕೆ ಮಧ್ಯಾಹ್ನ ಒಂದು ಪ್ರಯತ್ನ ಮಾಡುವುದು, ಮೂರನೆಯದನ್ನು ಎಲ್ಲದರ ನಡುವೆ ಹಂಚಿಕೊಳ್ಳುವುದು. ಹೀಗಿದ್ದಾಗ ಎರಡನೆಯ ಪಟ್ಟಿ ಪೂರ್ಣವಾಗಿ ಕೈಕೊಟ್ಟರೂ ದಿನ ಬರಿದಾಗುವುದಿಲ್ಲ. ಜಾಲತಾಣಗಳಲ್ಲಿ ಕಾಣುವ ವೇಳೆಯನ್ನು ಮಾತ್ರ ನಂಬದೆ ಒಂದೆರಡು ದಿನ ಮೊದಲು ಸ್ಥಳಕ್ಕೇ ದೂರವಾಣಿ ಮಾಡಿ ಕೇಳಬೇಕು; ದುರಸ್ತಿಗಾಗಿ ಮುಚ್ಚಿದ ಸುದ್ದಿ ಹೀಗಲ್ಲದೆ ಬೇರೆ ದಾರಿಯಿಂದ ಬರುವುದು ಅಪರೂಪ.

ಈ ಪಟ್ಟಿಗಳಿಗಿಂತ ಮುಖ್ಯವಾದ ಒಂದು ಕರ್ತವ್ಯವಿದೆ. ಮುಚ್ಚಿರುವುದನ್ನು ಹಿರಿಯರಿಂದ ಮುಚ್ಚಿಡಬಾರದು. ‘ಅಲ್ಲಿಗೆ ಹೋದ ಮೇಲೆ ನೋಡಿದರಾಯಿತು, ಈಗಲೇ ಏಕೆ ನೋಯಿಸಬೇಕು’ ಎಂದು ಕಿರಿಯರು ಹೇಳಿದರು. ನಮಗೆ ಅದು ಸರಿಕಾಣಲಿಲ್ಲ. ಹಣ ಕಟ್ಟುವ ಮೊದಲೇ ಅಕ್ಕನ ಮುಂದೆ ಕುಳಿತು, ಭಿತ್ತಿಚಿತ್ರವೂ ಇಲ್ಲ, ಸಿನಗಾಗಿನ ಒಳಗೂ ಇಲ್ಲ. ಚರ್ಚು ಮತ್ತು ಬಲೆಗಳು ಮಾತ್ರ ದೊರೆಯುವುವು. ಬೇರೆ ದಿನದ ಹಡಗಿಗೆ ಕಾದರೆ ಮುಂದಿನ ವರ್ಷವಾದೀತು, ಎಂದು ಇದ್ದುದನ್ನು ಇದ್ದಂತೆ ಹೇಳಿದೆವು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂದಿನ ವರ್ಷ ಹಡಗ ಇರತದ ತಮ್ಮಾ, ನನ್ನ ಕಣ್ಣಿನ ಮಾತು ಯಾರು ಹೇಳಬೇಕು? ನಡೀರಿ, ಸಿಕ್ಕಷ್ಟು ನೋಡೂಣು” ಎಂದರು. ಆಯ್ಕೆ ಅವರದಾದದ್ದರಿಂದ ಮುಂದಿನ ನಿರಾಸೆಯ ಭಾರವೂ ಹಗುರವಾಯಿತು.

ಆ ಶುಕ್ರವಾರ

ಒಂಬತ್ತೂವರೆಗೆ ಹಡಗಿನಿಂದ ಇಳಿದು ನೇರವಾಗಿ ಕೋಟೆ ಕೊಚ್ಚಿಯ ಸಂತ ಫ್ರಾನ್ಸಿಸರ ಚರ್ಚಿಗೆ ಹೋದೆವು. ಪೋರ್ಚುಗೀಸರು 1503ರಲ್ಲಿ ಮರದಿಂದ ಕಟ್ಟಿದ್ದನ್ನು 1516ರ ಹೊತ್ತಿಗೆ ಕಲ್ಲಿನಲ್ಲಿ ಪುನಃ ಕಟ್ಟಿದರು. ಪೋರ್ಚುಗೀಸರ ಬಳಿಕ ಡಚ್ಚರ ಕೈಗೆ, ಡಚ್ಚರ ಬಳಿಕ ಇಂಗ್ಲಿಷರ ಕೈಗೆ ಹೋಗಿ ಮೂರು ಬಗೆಯ ಕ್ರೈಸ್ತ ಆರಾಧನೆಯನ್ನು ಕಂಡ ಕಟ್ಟಡವಿದು. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಇಲ್ಲಿಯೇ ಹೂಳಿದರು; ಮುಂದೆ ಹದಿನಾಲ್ಕು ಹದಿನೈದು ವರ್ಷಗಳ ಬಳಿಕ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಕಟಾಂಜನದ ಒಳಗೆ ಸಮಾಧಿಯ ಕಲ್ಲು ಮಾತ್ರ ಉಳಿದಿದೆ. ಮೇಲೆ ಹಗ್ಗದಿಂದ ಎಳೆಯುತ್ತಿದ್ದ ಹಳೆಯ ಬಟ್ಟೆಯ ಪಂಖಗಳು ತೂಗುತ್ತಿವೆ. ಅಕ್ಕ ಕಟಾಂಜನವನ್ನು ಹಿಡಿದು ನಿಂತು, ಮೊಮ್ಮಕ್ಕಳಿಗೆ ಪಾಠವನ್ನು ಮತ್ತೊಮ್ಮೆ ಹೇಳಿದರು. ಮೆಣಸಿನ ಆಸೆಗೆ ಅರ್ಧ ಪ್ರಪಂಚ ಸುತ್ತಿ ಬಂದವನಿಗೆ ಕೊನೆಗೆ ಎಷ್ಟು ನೆಲ ಬೇಕಾಯಿತೆಂಬುದನ್ನು ಮಕ್ಕಳು ಕಣ್ಣಳತೆಯಿಂದಲೇ ಕಂಡುಕೊಂಡರು.

ಅಲ್ಲಿಂದ ಕಡಲ ದಂಡೆ ಹತ್ತಿರ. ಚೀನೀ ಬಲೆಗಳೆಂದು ಹೆಸರಾದ ಆ ಬೃಹತ್ ಬಲೆಗಳನ್ನು ನೋಡಲು ಬಾಗಿಲೂ ಇಲ್ಲ, ವಾರವೂ ಇಲ್ಲ. ಸುಮಾರು ಹತ್ತು ಮೀಟರ್ ಎತ್ತರದ ಮರದ ಚೌಕಟ್ಟು. ಒಂದು ತುದಿಯಲ್ಲಿ ಇಪ್ಪತ್ತು ಮೀಟರಿನಷ್ಟು ಹರಡಿದ ಬಲೆ. ಇನ್ನೊಂದು ತುದಿಯಲ್ಲಿ ಹಗ್ಗಕ್ಕೆ ಕಟ್ಟಿದ ಭಾರವಾದ ಕಲ್ಲುಗಳು. ನಾಲ್ಕಾರು ಜನ ಕೂಡಿ ತೊಲೆಯನ್ನು ಬಾಗಿಸಿದರೆ ಬಲೆ ನೀರಿಗಿಳಿಯುತ್ತದೆ. ಹಗ್ಗ ಎಳೆದರೆ ಕಲ್ಲುಗಳು ಒಂದೊಂದಾಗಿ ಇಳಿದು ಬಲೆ ಮೇಲೇಳುತ್ತದೆ. ನಮ್ಮ ಕಡೆಯ ಏತದ ತತ್ತ್ವವೇ ಇದು. ಭರತ ಇಳಿತಗಳನ್ನು ನೋಡಿ ಬಲೆ ಬಿಡುವುದರಿಂದ ಎಲ್ಲ ಹೊತ್ತಿನಲ್ಲಿಯೂ ಅವು ಚಲಿಸುತ್ತಿರುವುದಿಲ್ಲ. ಮರ ಕೊಳೆತು ದುರಸ್ತಿಯ ವೆಚ್ಚ ಏರಿದ್ದರಿಂದ ಬಲೆಗಳ ಸಂಖ್ಯೆಯೂ ಇಳಿಯುತ್ತಿದೆ. ಅಕ್ಕನ ಕಣ್ಣಿಗೆ ಸಣ್ಣ ಗೆರೆಗಳು ಕಾಣುತ್ತಿರಲಿಲ್ಲ. ಆದರೆ ಬೆಳಗಿನ ಬಿಳಿಯ ಆಕಾಶಕ್ಕೆ ಎದುರಾಗಿ ಎದ್ದು ನಿಂತ ಈ ಕಪ್ಪು ಆಕಾರಗಳು ಚೆನ್ನಾಗಿ ಕಂಡವು. ಬಲೆ ಏಳುವುದನ್ನೂ ಇಳಿಯುವುದನ್ನೂ ಅವರು ಬಹಳ ಹೊತ್ತು ನೋಡಿದರು. ದೃಷ್ಟಿ ಕುಗ್ಗಿದವರನ್ನು ಕರೆದೊಯ್ಯುವವರು ಗಮನಿಸಬೇಕಾದ ಸಂಗತಿ ಇದು: ಮಂದ ಬೆಳಕಿನ ಕೋಣೆಯ ಸೂಕ್ಷ್ಮ ಚಿತ್ರಕ್ಕಿಂತ ಬಯಲಿನ ದೊಡ್ಡ ಆಕಾರ ಅವರಿಗೆ ಹೆಚ್ಚು ದಕ್ಕುತ್ತದೆ.

ಕೋಟೆ ಕೊಚ್ಚಿಯ ಉಪಾಹಾರ ಗೃಹಗಳಲ್ಲಿ ಮೀನಿನ ಅಡುಗೆಯೇ ಪ್ರಧಾನ. ನಮ್ಮಂತಹ ಶುದ್ಧ ಶಾಕಾಹಾರಿಗಳು ಮಟ್ಟಂಚೇರಿಯ ಗುಜರಾತಿ ರಸ್ತೆಗೆ ಹೋಗುವುದು ಒಳ್ಳೆಯದು. ಶತಮಾನಗಳ ಹಿಂದೆ ವ್ಯಾಪಾರಕ್ಕೆ ಬಂದ ಗುಜರಾತಿಗಳು ಅಲ್ಲಿ ತಮ್ಮ ಮಂದಿರ, ಶಾಲೆ, ಮಿಠಾಯಿ ಅಂಗಡಿ ಎಲ್ಲವನ್ನೂ ಕಟ್ಟಿಕೊಂಡಿದ್ದಾರೆ. ಅಲ್ಲಿಯ ಧರ್ಮನಾಥ ಜೈನ ಮಂದಿರದಲ್ಲಿ ಮಧ್ಯಾಹ್ನ ಪಾರಿವಾಳಗಳಿಗೆ ಕಾಳು ಹಾಕುವ ಪದ್ಧತಿಯುಂಟು. ಗಂಟೆಯ ಸದ್ದಿಗೆ ಹಕ್ಕಿಗಳು ಹಿಂಡಾಗಿ ಇಳಿಯುವುದನ್ನು ಕಂಡ ಮಕ್ಕಳು ಅರಮನೆಯ ವಿಷಯವನ್ನು ಮರೆತೇಬಿಟ್ಟರು.

ಊಟವಾದ ಮೇಲೆ ಅರಮನೆಯ ಬಳಿಗೆ ಹೋದೆವು. ಪೋರ್ಚುಗೀಸರು 1555ರ ಸುಮಾರಿಗೆ ಕಟ್ಟಿಸಿ ಕೊಚ್ಚಿಯ ಅರಸನಿಗೆ ಒಪ್ಪಿಸಿದ, ಡಚ್ಚರು 1663ರ ನಂತರ ದುರಸ್ತಿ ಮಾಡಿಸಿ ‘ಡಚ್ ಅರಮನೆ’ ಎಂಬ ಹೆಸರು ಪಡೆದ ಕಟ್ಟಡವಿದು. ಒಳಗೆ ಅರಸರ ಶಯನಗೃಹದ ಗೋಡೆಗಳ ಮೇಲೆ ರಾಮಾಯಣದ ಚಿತ್ರಗಳಿವೆ. ಬಾಗಿಲು ನಿರೀಕ್ಷಿಸಿದಂತೆಯೇ ಮುಚ್ಚಿತ್ತು. ಅಲ್ಲಿಂದ ಯೆಹೂದ್ಯರ ಬೀದಿಯ ಕೊನೆಗೆ ನಡೆದೆವು. ಬೀದಿಯ ತುದಿಯಲ್ಲಿ ಪರದೇಶಿ ಸಿನಗಾಗು. ಕೊಚ್ಚಿಯ ಅರಸನು ಕೊಟ್ಟ ನೆಲದಲ್ಲಿ 1568ರಲ್ಲಿ ಕಟ್ಟಿದ್ದು. 1662ರಲ್ಲಿ ಪೋರ್ಚುಗೀಸರಿಂದ ಹಾನಿಗೊಳಗಾಗಿ ಡಚ್ಚರ ಕಾಲದಲ್ಲಿ ಮತ್ತೆ ಎದ್ದದ್ದು. ಅರಸನ ಅರಮನೆ, ಅರಮನೆಯ ಭಗವತಿಯ ಗುಡಿ, ಯೆಹೂದ್ಯರ ಪ್ರಾರ್ಥನಾ ಮಂದಿರ ಮೂರೂ ನೆರೆಹೊರೆ. ಒಳಗಿನ ನೆಲಕ್ಕೆ ಚೀನದಿಂದ ತರಿಸಿದ ಕೈಬರಹದ ನೀಲಿ ಬಿಳಿ ಹಂಚುಗಳನ್ನು ಹಾಸಿದೆ. ಹೊರಗಿನ ಗಡಿಯಾರ ಗೋಪುರ 1760ರದು. ಅದರ ಮುಖಗಳ ಮೇಲೆ ಬೇರೆ ಬೇರೆ ಲಿಪಿಯ ಅಂಕೆಗಳು, ಬೇರೆ ಬೇರೆ ಜನ ಒಂದೇ ಕಾಲವನ್ನು ಓದಿಕೊಳ್ಳಲೆಂದು. ಸಿನಗಾಗಿನ ಬಾಗಿಲೂ ಮುಚ್ಚಿತ್ತು.

ನಮ್ಮ ಗುಂಪಿನ ಒಬ್ಬ ಯುವಕ, “ಇಷ್ಟು ದೂರದಿಂದ ಬಂದವರಿಗಾಗಿ ಹತ್ತು ನಿಮಿಷ ತೆರೆದರೆ ಇವರಿಗೇನು ನಷ್ಟ?” ಎಂದು ಅಸಮಾಧಾನಪಟ್ಟ. ಅಂಗಡಿಯೊಂದರ ಜಗಲಿಯ ಮೇಲೆ ಕುಳಿತಿದ್ದ ಅಕ್ಕ ಹೇಳಿದರು: “ಮುಚ್ಚಿದ್ರ ಮುಚ್ಚಲಿ ಬಿಡಪಾ. ಅದು ನಾವು ನೋಡ್ಲಿಕ್ಕಂತ ಕಟ್ಟಿದ್ದಲ್ಲ, ಅವರು ಬೇಡಿಕೊಳ್ಳಲಿಕ್ಕಂತ ಕಟ್ಟಿದ್ದು. ಬೇಡಿಕೊಳ್ಳವರ ಉಳದಾರೋ ಇಲ್ಲೋ ಅದನ್ನ ಮೊದಲ ಕೇಳು.”

ಈ ಪ್ರಶ್ನೆಯಲ್ಲಿ ಕೊಚ್ಚಿಯ ಯೆಹೂದ್ಯರ ಕಥೆಯೆಲ್ಲ ಅಡಗಿದೆ. ನೂರಾರು ವರ್ಷ ಈ ಕರಾವಳಿಯಲ್ಲಿ ನಿರ್ಭಯವಾಗಿ ಬಾಳಿದ ಆ ಜನರು 1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದ ಬಳಿಕ ಕುಟುಂಬ ಕುಟುಂಬವಾಗಿ ಹಡಗು, ವಿಮಾನ ಹತ್ತಿದರು. ಇದೇ ಬೀದಿಯಲ್ಲಿ ಕಸೂತಿಯ ಅಂಗಡಿ ಇಟ್ಟಿದ್ದ ಸಾರಾ ಕೊಹೆನ್ ಎಂಬ ವೃದ್ಧೆ 2019ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಪ್ಪಿನಲ್ಲಿ ಅವರನ್ನೂ ಅವರ ಅಂಗಡಿಯನ್ನೂ ನೋಡಿಕೊಂಡದ್ದು ಒಂದು ಮುಸಲ್ಮಾನ ಕುಟುಂಬ. ಇಂದು ಬೀದಿಯ ಹೆಸರು ಯೆಹೂದ್ಯರದು, ಅಂಗಡಿಗಳು ಇತರರವು, ಯೆಹೂದ್ಯರು ಬೆರಳೆಣಿಕೆಗೂ ಸಾಲರು. ಆದರೂ ಸಬ್ಬತ್ತಿನ ದಿನ ಬಾಗಿಲು ಮುಚ್ಚುವ ನಿಯಮ ಉಳಿದಿದೆ. ಟಿಕೆಟಿನ ಆಸೆಗೆ ಶನಿವಾರವೂ ತೆರೆದಿಟ್ಟರೆ ಅದು ಸಂಗ್ರಹಾಲಯವಾದೀತು. ಮುಚ್ಚುವುದರಿಂದಲೇ ಅದು ಇನ್ನೂ ಪ್ರಾರ್ಥನಾ ಮಂದಿರ. ತೆರೆದ ದಿನ ಬಂದವರಿಗೆ ನೀಲಿ ಹಂಚುಗಳು ಕಾಣುತ್ತವೆ. ಮುಚ್ಚಿದ ದಿನ ಬಂದವರಿಗೆ ಈ ಸತ್ಯ ಕಾಣುತ್ತದೆ.

ಮುಚ್ಚಿದ ಬಾಗಿಲಿನಿಂದ ಹುಟ್ಟಿದ ಊರು

ಕೊಚ್ಚಿ ಹುಟ್ಟಿದ್ದೇ ಒಂದು ಬಾಗಿಲು ಮುಚ್ಚಿದ್ದರಿಂದ. ಪುರಾತನ ಕಾಲದಲ್ಲಿ ರೋಮಿನ ಹಡಗುಗಳು ಬರುತ್ತಿದ್ದ ಮುಜಿರಿಸ್ ಬಂದರು ಇಂದಿನ ಕೊಡುಂಗಲ್ಲೂರಿನ ಸುತ್ತಲೆಲ್ಲೋ ಇದ್ದಿತು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಅಲ್ಲಿಯ ಅಳಿವೆ ಹೂಳಿನಿಂದ ಮುಚ್ಚಿ, ದಕ್ಷಿಣಕ್ಕೆ ಕೊಚ್ಚಿಯ ಬಳಿ ಹೊಸ ಅಳಿವೆ ತೆರೆಯಿತೆಂದು ಇತಿಹಾಸಕಾರರು ಹೇಳುತ್ತಾರೆ. ವ್ಯಾಪಾರಿಗಳು ಹಳೆಯ ಬಂದರಿನಲ್ಲಿ ಅಳುತ್ತ ಕೂರಲಿಲ್ಲ. ಹೊಸ ಬಾಯಿಗೆ ಬಂದರು. ಆದರೆ ಕೊಚ್ಚಿಯ ಬಾಯಿಯಲ್ಲಿಯೂ ಮರಳ ದಿಬ್ಬವಿದ್ದು ದೊಡ್ಡ ಹಡಗುಗಳು ಹೊರಗೆ ಸಮುದ್ರದಲ್ಲಿಯೇ ನಿಲ್ಲಬೇಕಿತ್ತು. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು ವರ್ಷಗಟ್ಟಲೆ ದುಡಿದು ಆ ದಿಬ್ಬವನ್ನು ಕತ್ತರಿಸಿ ಕಾಲುವೆ ಮಾಡಿದರು. 1928ರ ಮೇ ತಿಂಗಳಲ್ಲಿ ‘ಪದ್ಮ’ ಎಂಬ ಹಡಗು ಒಳಬಂದಿತು. ಅಗೆದ ಮಣ್ಣಿನಿಂದಲೇ ವಿಲ್ಲಿಂಗ್ಡನ್ ದ್ವೀಪ ಬೆಳೆಯಿತು. ನಮ್ಮ ಹಡಗು ನಿಂತದ್ದು ಆ ಮಣ್ಣಿಗೆ ಒರಗಿಕೊಂಡೇ.

ಮರಳುವಾಗ ಕೋಟೆ ಕೊಚ್ಚಿಯಿಂದ ಜಲಮೆಟ್ರೋ ಹಿಡಿದೆವು. 2023ರ ಏಪ್ರಿಲಿನಲ್ಲಿ ಆರಂಭವಾದ ಈ ವಿದ್ಯುತ್ ದೋಣಿಗಳು ಮರುವರ್ಷ ಕೋಟೆ ಕೊಚ್ಚಿಗೂ ಬಂದವು. ಮಟ್ಟಂಚೇರಿಯಲ್ಲಿಯೂ ಈಗ ನಿಲ್ದಾಣವಾಗಿದೆ. ತೇಲುವ ಜಗಲಿ ನೀರಿನೊಡನೆ ಏರಿಳಿಯುವುದರಿಂದ ದೋಣಿಯ ನೆಲವೂ ಜಗಲಿಯೂ ಸಮಮಟ್ಟದಲ್ಲಿರುತ್ತವೆ. ಮೊಣಕಾಲು ನೋವಿರುವವರೂ ಗಾಲಿಕುರ್ಚಿಯವರೂ ನಿರಾಯಾಸವಾಗಿ ಒಳಹೋಗಬಹುದು. ಹೈಕೋರ್ಟಿನ ನಿಲ್ದಾಣದಲ್ಲಿ ಇಳಿದು ಬಾಡಿಗೆ ಕಾರಿನಲ್ಲಿ ಸೇತುವೆ ದಾಟಿ ನಾಲ್ಕೂಕಾಲಿಗೆ ಬಂದರಿನ ದ್ವಾರದಲ್ಲಿದ್ದೆವು. ಐದಕ್ಕೆ ಬರಬೇಕಾದವರು ನಾಲ್ಕೂಕಾಲಿಗೆ ಬಂದರೆ ನಷ್ಟವೇನಿಲ್ಲ; ಐದೂಕಾಲಿಗೆ ಬಂದರೆ ಮುಂದಿನ ಬಂದರಿನವರೆಗೆ ಸ್ವಂತ ಖರ್ಚು.

ಅಕ್ಕನಿಗೆ ನಾಲ್ಕರಲ್ಲಿ ಎರಡು ದೊರೆಯಲಿಲ್ಲವೆಂಬುದು ನಿಜ. ಆ ನಷ್ಟವನ್ನು ಮಾತಿನಿಂದ ಮುಚ್ಚುವುದು ಸರಿಯಲ್ಲ. ಭಿತ್ತಿಚಿತ್ರಗಳನ್ನು ಅವರು ಇನ್ನು ನೋಡುವರೆಂಬ ಭರವಸೆ ನಮಗಿಲ್ಲ. ಆದರೆ ಏನು ತಪ್ಪುವುದೆಂದು ಮೊದಲೇ ತಿಳಿದಿದ್ದರಿಂದ, ದೊರೆತ ಎರಡನ್ನು ಅವರು ಆತುರವಿಲ್ಲದೆ, ಪೂರ್ಣವಾಗಿ ನೋಡಿದರು. ನಾಲ್ಕನ್ನೂ ಓಡೋಡಿ ನೋಡಿದವರಿಗಿಂತ ಅವರು ಹೆಚ್ಚು ಕಂಡರೆಂದೇ ನಮ್ಮ ತಿಳುವಳಿಕೆ.

ಕೊನೆಗೊಂದು ಮಾತು. ನಮ್ಮ ನವಮಂಗಳೂರು ಬಂದರಿಗೂ ದೂರದೇಶದ ಪ್ರವಾಸಿ ಹಡಗುಗಳು ಬರುತ್ತವೆ. ಅವರಿಗೂ ಇರುವುದು ಒಂದೇ ಹಗಲು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ 1432ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟನನ್ನೂ ನೋಡಲು ಹೊರಟ ಆ ಮುದುಕ ಮುದುಕಿಯರು ಬಂದ್ ದಿನವೋ ಪೂಜೆಯ ವೇಳೆಯೋ ಹೊರಗೆ ನಿಂತಿರುವುದುಂಟು. ಬಾಗಿಲನ್ನು ತೆರೆಯುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಒಂದು ಕುರ್ಚಿ ಕೊಟ್ಟು, ಒಂದು ಲೋಟ ನೀರು ಕೊಟ್ಟು, ಒಳಗೆ ಏನಿದೆ, ಇಂದು ಏಕೆ ಮುಚ್ಚಿದೆ ಎಂದು ತಿಳಿಸಿ ಹೇಳುವುದು ನಮ್ಮ ಕೈಯಲ್ಲಿದೆ. ಮಟ್ಟಂಚೇರಿಯ ಆ ಅಂಗಡಿಯವನು, ಏನನ್ನೂ ಕೊಳ್ಳದ ನಮ್ಮ ಅಕ್ಕನಿಗೆ ಜಗಲಿ ಬಿಟ್ಟುಕೊಟ್ಟು ಮಾಡಿದ್ದು ಇದನ್ನೇ.